ಶಾಣ್ಯಾ ಯಂತ್ರದ ಮಾತು

ಭಾನುವಾರ, ೧೪ ಡಿಸೆಂಬರ್ ೨೦೨೫

ಸಿಟ್ಟು ಇಳಿಯುತ್ತಿಲ್ಲ. ಇವತ್ತು ಭೀಮರಾಯನಗುಡಿಯಲ್ಲಿ ನನ್ನ ಕಾದಂಬರಿಯ ಬಗ್ಗೆ ಓದುಗರ ಮಾತುಕತೆ ಇತ್ತು. ಕಾಲುವೆಯ ಗೇಟು ಕಾಯುವ ನನ್ನ ಕೃತಕ ಬುದ್ಧಿಯ ಯಂತ್ರ ಯೋಚಿಸುವುದನ್ನು ಎಲ್ಲರೂ ನಂಬಿದರು. ಅದು ಸಾವಿಗೆ ಹೆದರುವುದನ್ನೂ ನಂಬಿದರು. ಅದು ನಮ್ಮ ಸುರಪುರದ ಕಡೆಯ ಆಡುಮಾತಿನಲ್ಲಿ ಮಾತಾಡುವುದನ್ನು ಮಾತ್ರ ನಂಬಲಿಲ್ಲ.

"ಮಲ್ಲೇಶ್ವರಿ ಮೇಡಂ, ಅಷ್ಟು ಶಾಣ್ಯಾ ಮಶೀನು ನಮ್ಮಂಗ ಯಾಕ ಮಾತಾಡ್ತದ್ರಿ? ನಗು ಬರ್ತದ. ಶುದ್ಧ ಕನ್ನಡ ಹಾಕಬೇಕಿತ್ತು," ಎಂದರು ಕನ್ನಡ ಮಾಸ್ತರು ಖಂಡಪ್ಪ. ಸಭೆಯೆಲ್ಲ ನಕ್ಕಿತು.

"ನೀವೂ ಶಾಣ್ಯಾರೇ ಅದೀರಲ್ರಿ, ಈಗ ಹ್ಯಾಂಗ ಮಾತಾಡಾಕತ್ತೀರಿ?" ಎಂದೆ. ಯಾರೂ ನಗಲಿಲ್ಲ.

ಗೆದ್ದೆನೆಂದು ಬೀಗುತ್ತಲೇ ಮನೆಗೆ ಬಂದೆ. ಈಗ ಬರೆದದ್ದನ್ನು ಓದಿಕೊಂಡರೆ, ಯಾರೂ ನೋಡದ ಈ ಹಾಳೆಯಲ್ಲೂ ನಾನು ಸಿಟ್ಟು ಕಾರಿರುವುದು ಖಂಡಪ್ಪನವರು ಹೇಳಿದ ಆ ಶುದ್ಧ ಕನ್ನಡದಲ್ಲೇ. ಥೂ, ಏನ್ ಬರಿಯಾಕತ್ತೇನಿ ನಾ...