ದಸ್ತಗೀರನ ಬಲಗೈ

೧೨ ಆಗಸ್ಟ್ ೧೯೬೩, ಸೋಮವಾರ, ಯಶವಂತಪುರ

ಗೆಣ್ಣುಗಳು ಊದಿಕೊಂಡಿವೆ, ಪೆನ್ನು ಹಿಡಿಯಲಾಗುತ್ತಿಲ್ಲ. ಇರಲಿ.

ಕಾಲೇಜಿನ ಲ್ಯಾಬಿನಲ್ಲಿ ಆಲ್ಡಿಹೈಡ್ ಪರೀಕ್ಷೆಗೆಂದು ಗಾಜಿನೊಳಗೆ ಬೆಳ್ಳಿಯ ಕನ್ನಡಿ ಮೂಡಿಸುವ ದ್ರಾವಣ ಉಳಿದರೆ ಅಂದೇ ಚೆಲ್ಲಬೇಕು. ಇಟ್ಟರೆ ಸಿಡಿಯುತ್ತದೆ. ಹೇಳಿದ್ದೆ. ನನ್ನಂಥ ಡೆಮಾನ್‌ಸ್ಟ್ರೇಟರನ ಮಾತು ಯಾರಿಗೆ ಬೇಕು? ನಮ್ಮ ವಿಭಾಗದ ಹೆಡ್ ಚನ್ನಕೇಶವಯ್ಯನವರು, "ಬೆಳ್ಳಿ ಕಣ್ರೀ ಅದು, ಚೆಲ್ಬೇಡಿ" ಎಂದು ಶನಿವಾರ ಶೀಷೆಯಲ್ಲಿ ತುಂಬಿಸಿಟ್ಟರು. ಇವತ್ತು ಬೆಳಿಗ್ಗೆ ಅಟೆಂಡರ್ ದಸ್ತಗೀರ್ ಆ ಶೀಷೆ ಎತ್ತಿದ. ಅವನ ಬಲಗೈ ಬೆರಳುಗಳು ಮೇಜಿನ ಮೇಲೆ ಬಿದ್ದವು.

ಪ್ರತಿ ವರ್ಷ ಈ ಹೆಡ್ ತರಗತಿಯಲ್ಲಿ ದಸ್ತಗೀರನ ಎರಡೂ ಕೈ ಎತ್ತಿಸುತ್ತಿದ್ದರು. "ನೋಡ್ರಪ್ಪಾ, ಒಂದು ಇನ್ನೊಂದರ ಕನ್ನಡಿಬಿಂಬ. ಒಂದರ ಮೇಲೊಂದಿಟ್ರೆ ಮಾತ್ರ ಹೊಂದಲ್ಲ. ಕೆಲವು ಅಣುಗಳೂ ಹೀಗೇ."

ಆಸ್ಪತ್ರೆಯ ವರಾಂಡದಲ್ಲಿ ಅವನ ಹೆಂಡತಿ ಫಖ್ರುನ್ನೀಸಾ ರಕ್ತದ ಅಂಗಿ ಹಿಡಿದು ಕೂತಿದ್ದಳು. ಅವಳೆದುರಿಗೇ ಹೆಡ್ ನನ್ನ ಕಡೆ ಬಾಗಿ, "ಇನ್ಮೇಲೆ ಪಾಠಕ್ಕೆ ಬೇರೆಯವನ ಕೈ ನೋಡ್ಬೇಕಲ್ರೀ" ಅಂದರು.

ನನ್ನ ಮೊದಲ ಗುದ್ದಿಗೆ ಅವರ ಕನ್ನಡಕ ಹೋಯಿತು. ಎರಡನೆಯದಕ್ಕೆ ಮೂಗು. ನನ್ನ ಕೆಲಸವೂ ಹೋಗುತ್ತದೆ, ಹೋಗಲಿ.

ಫಖ್ರುನ್ನೀಸಾ ಎದ್ದು ಬಂದು ನನ್ನ ಬಲಗೈ ಹಿಡಿದಳು. ತಡೆಯುತ್ತಾಳೆ ಅಂದುಕೊಂಡೆ.

"ಈ ಕೈ ಊದ್ಕೊಂಡೈತೆ ಸಾರ್" ಅಂದಳು. "ಇನ್ನೊಂದು ಐತಲ್ಲ."