ಮೈತೊಳೆ ಬಂಡೆ

ಬಿಳಿಕಲ್ಲು ಹಟ್ಟಿ,
ಹೊಸದುರ್ಗ ತಾಲ್ಲೂಕು
16 ಫೆಬ್ರವರಿ 2025, ಭಾನುವಾರ

ಮೌನಿಕಾಳ ಅಪ್ಪನಿಗೆ,

ನಾವೆಲ್ಲರೂ ಇಲ್ಲಿ ಕ್ಷೇಮ ಎಂದು ಶುರು ಮಾಡೋಣವೆಂದು ಕೂತೆ. ಎಲ್ಲರೂ ಅಂದರೆ ಯಾರು ಎಂದು ಯೋಚಿಸಿದರೆ ನಾನು, ಕುರಿಗಳು, ಮತ್ತೆ ನಿಮ್ಮ ಆ ಕಿವಿ ಹರಿದ ಗಂಟೆ ಟಗರು. ಕುರಿಗಳು ಕ್ಷೇಮ. ಟಗರಿಗೆ ವಯಸ್ಸಾಗಿದೆ, ಆದರೂ ಸೊಕ್ಕು ಇಳಿದಿಲ್ಲ. ಅದು ಯಾರ ಹಾಗೆ ಎಂದು ನಾನು ಬರೆಯುವುದಿಲ್ಲ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನಮ್ಮಿಬ್ಬರ ಮಾತು ಊಟ ಆಯ್ತಾ ಎಂಬಲ್ಲಿಂದ ಶುರುವಾಗಿ ಅನ್ನ ಕುದಿಯುವಷ್ಟರಲ್ಲಿ ಜಗಳಕ್ಕೆ ಬಂದು ನಿಲ್ಲುತ್ತದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ನಿಮ್ಮ ವಿಳಾಸ ಮೌನಿಕಾ ಕೊಟ್ಟಳು. ಕಡಲ ದಂಡೆಯ ಪಕ್ಕ, ದೋಣಿ ರಿಪೇರಿ ಮಾಡುವ ಶೆಡ್ಡಿನ ಮೇಲೆ ಒಂದು ಕೋಣೆಯಂತೆ. ಹಳದಿ ಅಂಗಿ ಹಾಕಿಕೊಂಡು, ನೀರಿಗಿಳಿದ ಜನ ಮುಳುಗದಂತೆ ಕಾಯುತ್ತೀರಂತೆ. ಕುರಿ ಕಾಯುವುದು ಬೇಡವೆಂದು ಹೋದವರು ಅಲ್ಲಿಯೂ ಕಾಯುವ ಕೆಲಸವನ್ನೇ ಹಿಡಿದಿದ್ದೀರಿ. ಅವಳು ಇದನ್ನು ಹೇಳಿದಾಗ ನನಗೆ ಬಹಳ ನಗು ಬಂತು. ನಗುವುದಕ್ಕೆ ಜೊತೆಗೆ ಯಾರೂ ಇರಲಿಲ್ಲ, ಅಷ್ಟೆ.

ಹೋಗುವ ದಿನ ನೀವು, ಕುರಿ ಬೇಕೋ ನಾನು ಬೇಕೋ ಎಂದು ಕೇಳಿದಿರಿ. ಕುರಿಗಳಾದರೆ ಸಂಜೆಗೆ ಮನೆಗೆ ಬರುತ್ತವೆ ಎಂದೆ ನಾನು. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಕುರಿಗಳು ಈಗಲೂ ಸಂಜೆಗೆ ಮನೆಗೆ ಬರುತ್ತವೆ.

ಬರೆಯುತ್ತಿರುವುದು ಮೈತೊಳೆ ಬಂಡೆಯ ವಿಷಯಕ್ಕೆ. ಮಾರಿಕಣಿವೆ ಡ್ಯಾಮು ತುಂಬಿ ಕೋಡಿ ಬಿದ್ದ ಸುದ್ದಿ ನಿಮಗೂ ಮುಟ್ಟಿರುತ್ತದೆ. ಹಿನ್ನೀರು ನಮ್ಮ ಹಟ್ಟಿಯ ಕೆಳಗಿನ ಜಾಲಿ ಸಾಲಿನವರೆಗೂ ಬಂದು ನಿಂತಿದೆ. ಭಾನುವಾರ ಬಂತೆಂದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಲ್ಲ ಕಡೆಯಿಂದ ಕಾರು, ಬೈಕು. ನೀರಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀರು ನೋಡಲು ಬಂದವರು ನೀರಿಗೆ ಯಾಕೆ ಬೆನ್ನು ಹಾಕುತ್ತಾರೋ, ನಿಮ್ಮ ಕಡಲ ಕಡೆಯೂ ಹೀಗೆಯೇ ಇರಬೇಕು. ಓಬಮ್ಮ ಬಾಣಲೆ ಇಟ್ಟು ಮೆಣಸಿನಕಾಯಿ ಬಜ್ಜಿ ಹಾಕುತ್ತಾಳೆ, ಮಧ್ಯಾಹ್ನದೊಳಗೆ ಹಿಟ್ಟು ಖಾಲಿ. ಇದನ್ನೆಲ್ಲ ನೋಡಿ ದಂಡೆಯನ್ನು ಪ್ರವಾಸದ ಜಾಗ ಮಾಡುವ ಯೋಜನೆ ಬಂದಿದೆ. ಕಲ್ಲು ಹಾಸಿದ ದಾರಿ, ಟೆಂಟು, ದೀಪದ ಕಂಬ, ಮತ್ತೆ ಬೋಟು. ಬೋಟು ನಿಲ್ಲಿಸಲು ಅವರಿಗೆ ಬೇಕಾಗಿರುವುದು ನಮ್ಮ ಬಂಡೆ. ಉಳಿದ ದಂಡೆಯೆಲ್ಲ ಕೆಸರು ನೋಡಿ. ಬೋಟಿಗೂ ಅದೊಂದೇ ಜಾಗ, ಕುರಿ ಮೈ ತೊಳೆಯುವುದಕ್ಕೂ ಅದೊಂದೇ ಜಾಗ.

ಈ ಬಗ್ಗೆ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಪಂಚಾಯಿತಿ ಮೆಂಬರು ದುರುಗಣ್ಣ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಜನ ಹೆಂಗೂ ಬರ್ತಾ ಅವ್ರೆ, ಬಂದೋರು ಬೇರೆ ಊರಾಗೆ ಚಾ ಕುಡೀಬೇಕೇನ್ರಿ, ನಮ್ಮೂರಾಗೇ ಕುಡೀಲಿ ಬಿಡ್ರಿ ಅಂದ. ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಊರೂರು ಅಲೆಯುವುದು ತಪ್ಪುತ್ತದೆ ಅಂದ. ಓಬಮ್ಮ ಎದ್ದು ನಿಂತು, ದಾರಿ ಮಾಡ್ರಿ ಬಿಡ್ರಿ, ಮೊದ್ಲು ಹೆಂಗಸ್ರಿಗೆ ಒಂದು ಪಾಯಿಖಾನೆ ಕಟ್ಸ್ರಿ, ಬಂದೋರೆಲ್ಲ ನನ್ನ ಮನೆ ಬಾಗ್ಲು ಬಡೀತಾರೆ ಅಂದಳು. ಸಭೆಯಲ್ಲಿ ಎಲ್ಲರೂ ಒಪ್ಪಿದ ಮಾತು ಅದೊಂದೇ.

ಆಮೇಲೆ ಬೀರಪ್ಪ ಮಾವ ಎದ್ದರು. ಅವರ ದನಿ ನಿಮಗೆ ಗೊತ್ತಲ್ಲ, ಆಚೆ ದಡಕ್ಕೆ ಕೇಳಬೇಕು. ಬಂಡೆ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಕಟ್ಕಳ್ರಿ, ಕೆಸರಾಗೆ ಹತ್ತಿ ಬಂದ ಕುರಿ ತೊಳೆದಂಗಾಗ್ತೈತೇನು, ಮಣ್ಣು ಹತ್ತಿದ ಉಣ್ಣೆಗೆ ಕತ್ತರಿ ಇಳೀತೈತೇನು ಎಂದು ಕೇಳಿದರು. ದುರುಗಣ್ಣ ನಕ್ಕ. ಮಾವ, ಈಗ ಉಣ್ಣೆ ಕೇಳೋರು ಯಾರವ್ರೆ, ಕತ್ತರಿಸಿದ ಕೂಲಿ ಹುಟ್ಟಲ್ಲ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಹೋದ ವರ್ಷದ ಉಣ್ಣೆ ಇನ್ನೂ ನಮ್ಮ ಅಟ್ಟದ ಮೇಲೇ ಇದೆ. ನೀವು ಮಂದೆ ಮಾರೋಣ ಎಂದಾಗಲೂ ಇದೇ ಮಾತು ಹೇಳಿದ್ದಿರಿ. ಆಗ ನಾನು ನಿಮ್ಮ ಮೇಲೆ ಹರಿಹಾಯ್ದೆ. ದುರುಗಣ್ಣನ ಮೇಲೆ ಹರಿಹಾಯಲು ಅವನೇನು ನನ್ನ ಗಂಡನೇ?

ಬೇಲಿ ಹಾಕುತ್ತಾರೆ, ಒಳಗೆ ದನ ಕುರಿ ಬಿಡುವಂತಿಲ್ಲ ಎಂದು ಗೊತ್ತಾದ ಮೇಲೆ ಸಭೆ ಎರಡಾಯಿತು. ಬಂಡೆಯಲ್ಲಿ ಕುರಿ ತೊಳೆಯುವ ಮನೆಯವರು ಒಪ್ಪಿದರೆ ಮಾತ್ರ ಕೊಡುವುದು ಎಂದು ಹಿರಿಯರು ಕಟ್ಟು ಮಾಡಿದರು. ಕೊಡೋಣ ಎಂದವರು ಅರ್ಧ ಮನೆ, ಬೇಡ ಎಂದವರು ಅರ್ಧ ಮನೆ. ಉಳಿದದ್ದು ನಮ್ಮದು. ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟೊಂದು ಜನ ಒಟ್ಟಿಗೆ ನನ್ನ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ದುರುಗಣ್ಣ ಆಗ ಒಂದು ಮಾತು ಹೇಳಿದ. ಯಮುನಕ್ಕ, ಬೋಟು ಬಂದ್ರೆ ಈಜು ಬಲ್ಲೋರು ಬೇಕು, ನಮ್ಮ ರಂಗೇಶಣ್ಣ ಅಲ್ಲಿ ಅದೇ ಕೆಲ್ಸದಾಗೆ ಅವ್ನೆ, ಇಲ್ಲೇ ಬರ್ಲಿ ಬಿಡು, ಮನೆ ಮುಂದೇ ಸಂಬಳ ಅಂದ.

ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಹೇಳಿ ಎದ್ದು ಬಂದೆ. ಅದಕ್ಕೇ ಈಗ ಕೇಳುತ್ತಿದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ ಬಂಡೆ ಕೊಡಬಾರದು. ನಿಮ್ಮ ಕಡಲ ಊರಿನಲ್ಲೂ ಹೀಗೆಯೇ ಸಭೆಗಳಾದವಂತಲ್ಲ, ಮೌನಿಕಾಳಿಗೆ ನೀವೇ ಹೇಳಿದ್ದಿರಿ. ದಂಡೆ ಚೆಂದ ಆಯಿತು, ಬೆಂಚು ಬಂತು, ಸಂಜೆ ದೀಪ ನೋಡಲು ಚೆಂದ, ಆದರೆ ಮರಳಿನ ಮೇಲೆ ಮೀನು ಒಣಗಿಸುತ್ತಿದ್ದ ಹೆಂಗಸರಿಗೆ ಬಸ್ ನಿಲ್ದಾಣದ ಹಿಂದೆ ಜಾಗ ತೋರಿಸಿದರು, ಅಲ್ಲಿ ಬಿಸಿಲೇ ಬೀಳುವುದಿಲ್ಲ ಎಂದು. ಆ ಹೆಂಗಸರು ಈಗ ಏನು ಮಾಡುತ್ತಿದ್ದಾರೆ? ಅವರ ಗಂಡಂದಿರಿಗೆ ಅಲ್ಲಿಯೇ ಕೆಲಸ ಸಿಕ್ಕಿತೇ? ಸಿಕ್ಕಿದ್ದರೆ ಅವರಿಗೆ ಬೇಸರ ಕಡಿಮೆಯಾಗಿದೆಯೇ? ನಿಮಗೆ ಬಿಡುವಾದಾಗ ಒಬ್ಬಳನ್ನಾದರೂ ಕೇಳಿ ಬರೆಯಿರಿ. ಇದು ತಮಾಷೆಗೆ ಕೇಳುತ್ತಿರುವುದಲ್ಲ.

ನೀವು ಹೋದ ಮೇಲೆ ಪ್ರತಿ ಸಲವೂ ಕತ್ತರಿಗೆ ಮುಂಚೆ ಬೀರಪ್ಪ ಮಾವನೇ ನಮ್ಮ ಕುರಿಗಳಿಗೂ ನೀರಿಗೆ ಇಳಿಯುತ್ತಿದ್ದರು. ಪಾಪ, ಅವರು ಒಂದೊಂದು ಕುರಿಗೂ, ಬಿಡವ್ವಾ ಎಂದು ಕೂಗಬೇಕು. ನಾನು ಬಂಡೆಯ ಮೇಲಿನಿಂದ ಒಂದನ್ನು ದೂಡಬೇಕು, ಅವರು ಸೊಂಟಮಟ್ಟದ ನೀರಿನಲ್ಲಿ ನಿಂತು ಉಣ್ಣೆ ತಿಕ್ಕಿ ಬಿಡಬೇಕು, ಅದು ಈಜಿ ಬಂದಾಗ ನಾನು ಮತ್ತೆ ಹಿಡಿದು ಬಂಡೆಗೆ ಎಳೆಯಬೇಕು. ನೀರು ಕುಡಿದ ಉಣ್ಣೆಯ ಭಾರ ನಿಮಗೆ ಗೊತ್ತು. ನೀವಾದರೆ ಕೂಗುತ್ತಿರಲಿಲ್ಲ. ಬಾಯಲ್ಲಿ ಎರಡು ಬೆರಳಿಟ್ಟು ಒಂದು ಸಿಳ್ಳೆ. ಸಿಳ್ಳೆ ಬಂತು ಅಂದರೆ ಮುಂದಿನ ಕುರಿ. ಇಡೀ ದಿನ ಒಂದು ಮಾತೂ ಆಡದೆ ನಾವು ಮಂದೆಯನ್ನೆಲ್ಲ ತೊಳೆದು ಮುಗಿಸುತ್ತಿದ್ದೆವು. ನಮ್ಮ ಮದುವೆಯಲ್ಲಿ ಜಗಳ ಇಲ್ಲದ ದಿನ ಅದೊಂದೇ ಇರಬೇಕು. ಈ ಸಲ ಮಾವನಿಗೆ ಸೊಂಟ ನೋವಂತೆ, ಬರಲು ಆಗುವುದಿಲ್ಲವಂತೆ.

ಇನ್ನೊಂದು ವಿಷಯ ಹೇಳಬೇಕು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ. ಬೋಟಿನವರು ಹೋದ ಗುರುವಾರ ಒಂದು ಬೋಟು ತಂದು ಹಿನ್ನೀರಿನಲ್ಲಿ ಓಡಿಸಿ ನೋಡಿದರು. ಸುಮ್ಮನೆ ಪರೀಕ್ಷೆಗೆ ಅಂದರು. ಅಧಿಕಾರಿಗಳು, ದುರುಗಣ್ಣ, ಎಲ್ಲರೂ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಕೂತಿದ್ದರು. ನಾನು ಬಂಡೆಯ ಪಕ್ಕದಲ್ಲೇ ಮಂದೆ ಬಿಟ್ಟುಕೊಂಡು ನಿಂತಿದ್ದೆ. ಬೋಟು ಬಂಡೆಯ ಹತ್ತಿರ ಬಂತು. ಅದರಲ್ಲಿದ್ದ ಯಾರೋ, ದಡದಲ್ಲಿದ್ದವರನ್ನು ಕರೆಯಲೆಂದು, ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹಾಕಿದ.

ನಾನು ಯೋಚನೆ ಮಾಡಲಿಲ್ಲ. ಕೈಗೆ ಸಿಕ್ಕಿದ್ದು ಗಂಟೆ ಟಗರು. ಅದರ ಕೊರಳು ಹಿಡಿದು ನೀರಿಗೆ ದೂಡಿಬಿಟ್ಟೆ.

ಟಗರು ಇಳಿದ ಮೇಲೆ ಕೇಳಬೇಕೇ? ಮಂದೆಗೆ ಮಂದೆಯೇ ದಬದಬ ನೀರಿಗೆ ಬಿತ್ತು. ಬೋಟಿನ ಸುತ್ತ ಎಲ್ಲಿ ನೋಡಿದರೂ ಕುರಿ ತಲೆ. ಒಂದು ಮರಿ ಬೋಟಿನ ಅಂಚಿಗೆ ಕಾಲು ಕೊಟ್ಟು ಅಧಿಕಾರಿಯ ಮಡಿಲಿಗೆ ಹತ್ತಲು ನೋಡಿತು. ದುರುಗಣ್ಣ ಜಾಕೆಟ್ ಹಾಕಿಕೊಂಡೇ, ಲೇ, ಮುಳುಗ್ತೀವಿ ಕಣ್ರಲೇ ಎಂದು ಬಾಯಿ ಬಡಿದುಕೊಂಡ. ಓಬಮ್ಮ ನಗುತ್ತಾ ನಗುತ್ತಾ ಬಾಣಲೆಯ ಪಕ್ಕ ಕುಸಿದು ಕೂತಳು. ಯಾರಿಗೂ ಏನೂ ಆಗಲಿಲ್ಲ, ಕುರಿಗಳೆಲ್ಲ ಈಜಿ ವಾಪಸು ಬಂದವು.

ಯಾರೋ ವಿಡಿಯೊ ಮಾಡಿ ಬಿಟ್ಟಿದ್ದಾರೆ. ನಿಮಗೂ ಬಂದಿರಬಹುದು, ಅದರಲ್ಲಿರುವ ನೀಲಿ ಸೀರೆಯವಳು ನಾನೇ. ಮೌನಿಕಾ ಹಿರಿಯೂರಿನ ಹಾಸ್ಟೆಲಿನಿಂದ ಫೋನು ಮಾಡಿ ಮೊದಲು ನಕ್ಕಳು. ಆಮೇಲೆ, ಅಮ್ಮ, ಎಲ್ರೂ ನಗ್ತಾ ಅವ್ರೆ, ನೀನ್ಯಾಕೆ ಹಂಗೆ ಎರಡೂ ಕೈ ಚಾಚ್ಕಂಡು ನೀರು ನೋಡ್ತಾ ನಿಂತಿದ್ದೆ ಎಂದು ಕೇಳಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂದೆ. ಬಿಸಿಲಿಗೆ ಯಾರಾದರೂ ಕೈ ಚಾಚುತ್ತಾರೆಯೇ. ತೊಳೆದ ಕುರಿಯನ್ನು ನೀವು ಈ ಕಡೆ ಬಿಡುತ್ತೀರಿ ಎಂದು ಕಾಯುತ್ತಿದ್ದೆ. ಬೋಟಿನಲ್ಲಿದ್ದವನು ಯಾರೋ ಮೀಸೆ ಬಲಿಯದ ಹುಡುಗ ಎಂದು ಕಂಡಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ.

ಆ ದಿನದಿಂದ ಮನೆ ತುಂಬಾ ದೊಡ್ಡದಾದ ಹಾಗೆ ಅನ್ನಿಸುತ್ತಿದೆ. ಅತ್ತೆ ನಿಮ್ಮ ತಂಗಿಯ ಬಾಣಂತನಕ್ಕೆಂದು ಯಲ್ಲದಕೆರೆಗೆ ಹೋದವರು ಅಲ್ಲಿಯೇ ಉಳಿದಿದ್ದಾರೆ. ಮುದ್ದೆ ಒಬ್ಬಳಿಗೆ ಎಷ್ಟು ಸಣ್ಣದು ಮಾಡಿದರೂ ಮಿಗುತ್ತದೆ. ಟಗರಿಗೆ ಹಾಕುತ್ತೇನೆ. ಅದರ ಜೊತೆ ಮಾತೂ ಆಡುತ್ತೇನೆ, ಅದು ನಿಮ್ಮ ಹಾಗೆ ಎದುರು ಉತ್ತರ ಕೊಡುವುದಿಲ್ಲ. ನಲ್ಲಿಯ ಹತ್ತಿರ ಹೋದರೆ ಕೆಲವರು ಕೊಡ ಅರ್ಧ ತುಂಬಿಸಿಕೊಂಡೇ ಹೊರಡುತ್ತಾರೆ. ವಿಡಿಯೊ ನೆನಪಾಗಿ ನಗು ಬರುತ್ತಿರಬೇಕು, ಎದುರಿಗೆ ನಗಬಾರದೆಂದು ಹೋಗುತ್ತಾರೆ ಎಂದುಕೊಂಡಿದ್ದೇನೆ. ನನಗೆ ಬೇಜಾರಿಲ್ಲ ಎಂದು ಬರೆಯಬೇಕೆಂದಿದ್ದೆ. ಬೇಜಾರಿದೆ. ಬಹಳ ಇದೆ.

ಕೆಲಸದ ಆಸೆಗೆ ಬನ್ನಿ ಎಂದು ನಾನು ಕರೆಯುತ್ತಿಲ್ಲ. ಬಂಡೆ ಕೊಡಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಉತ್ತರ ಬರೆಯಿರಿ. ಮನೆಯ ಗಂಡಸಿನ ಮಾತು ಎಂದು ಸಭೆಗೆ ತೋರಿಸಲು ಒಂದು ಸಾಲು ಇದ್ದರೆ ಸಾಕು. ಅದರ ಕೆಳಗೆ ಜಾಗ ಉಳಿದರೆ ನಿಮಗೆ ಅಲ್ಲಿ ಊಟ ಹೇಗೆ, ಉಪ್ಪು ಗಾಳಿಗೆ ಕೆಮ್ಮು ಬಂತೋ ಹೋಯಿತೋ ಎಂದು ಬರೆಯಬಹುದು.

ಟಗರು ಬಾಗಿಲಿಗೆ ಬಂದು ನಿಂತಿದೆ. ಮಂದೆ ಬಿಡುವ ಹೊತ್ತಾಯಿತು.

ಮೌನಿಕಾಳ ಅಮ್ಮ,
ಯಮುನಾ

ವಿ.ಸೂ.: ಬೀರಪ್ಪ ಮಾವನಿಗೆ ಸೊಂಟ ನೋವಿಲ್ಲ. ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಲ್ಲಿಯ ಹತ್ತಿರದವರು ಹೊರಟು ಹೋಗುವುದೂ ನಗು ಬಂದು ಅಲ್ಲ. ಸಭೆಯಲ್ಲಿ ನಾನು ಮನೆಯವರನ್ನು ಕೇಳಿ ಹೇಳುತ್ತೇನೆ ಎನ್ನಲೇ ಇಲ್ಲ. ದುರುಗಣ್ಣ ನಿಮ್ಮ ಹೆಸರು ಹೇಳಿ ಬಾಯಿ ಮುಚ್ಚುವ ಮೊದಲೇ, ತಗೊಳ್ರಿ ಬಂಡೆ ಎಂದು ಕೈ ಎತ್ತಿಬಿಟ್ಟಿದ್ದೆ. ಶಿವರಾತ್ರಿ ಕಳೆದ ಕೂಡಲೇ ಬೇಲಿ ಹಾಕುತ್ತಾರೆ. ಅಷ್ಟರೊಳಗೆ ಕುರಿಗಳ ಮೈ ಕೊನೆಯ ಸಲ ತೊಳೆಯಬೇಕು, ನೀರಿಗೆ ಇಳಿಯುವವರು ಯಾರೂ ಇಲ್ಲ. ನೀವು ಬರುವುದಾದರೆ ಮುಂಚೆ ಫೋನು ಮಾಡಬೇಡಿ, ಮತ್ತೆ ಜಗಳವಾಗುತ್ತದೆ. ನೆಟ್ಟಗೆ ಬಂಡೆಯ ಹತ್ತಿರ ಬಂದು ಸಿಳ್ಳೆ ಹಾಕಿ.