ಇನ್ನೊಂದು ತುದಿಯ ಹಗ್ಗ

೧೦ ನವೆಂಬರ್ ೨೦೨೫, ಸೋಮವಾರ. ಬೆಳಿಗ್ಗೆ ೮.೪೦

ದೋಣಿ ಇಳಿಸುವ ದಾರಿಗೆ ಗೇಟು ಹಾಕಿದ್ದಾರೆ. ಇದು ಕಳ್ಳತನ. ಬೇರೆ ಹೆಸರಿಲ್ಲ. ರೆಸಾರ್ಟಿನವರು ಅದರ ಮೇಲೆ 'ಅತಿಥಿಗಳಿಗೆ ಮಾತ್ರ' ಎಂದು ಬೋರ್ಡು ತೂಗಿದ್ದಾರೆ. ಅಂದರೆ ಹಾರವಾಡದಲ್ಲಿ ಹುಟ್ಟಿದ ನಾವು ಅತಿಥಿಗಳೂ ಅಲ್ಲ. ಮಾದೇವಿ ಅತ್ತೆ ಮೀನಿನ ಬುಟ್ಟಿ ಹೊತ್ತು ಒಂದು ಮೈಲಿ ಸುತ್ತಿ ಬರುತ್ತಾಳೆ. ಅರವತ್ತೆರಡು ವಯಸ್ಸು. ಆ ಮೊಣಕಾಲು.

ವಿಚಾರಣೆ ಇದೇ ೨೪ಕ್ಕೆ, ಕಾರವಾರದಲ್ಲಿ. ದಾರಿ ನಮ್ಮದೆನ್ನಲು ಕಾಗದವಿಲ್ಲ. ಮರಳಿನ ಮೇಲಿನ ಹೆಜ್ಜೆಗೆ ಯಾರು ಪಟ್ಟಾ ಬರೆಸಿದ್ದಾರೆ? ಇರುವುದು ಮೂವತ್ತೊಂದು ಮುದುಕ ಮುದುಕಿಯರ ಮಾತು. ಆಗಸ್ಟ್‌ನಲ್ಲಿ ವಿಡಿಯೋ ಮಾಡಿಟ್ಟದ್ದು. ಅವರಲ್ಲಿ ಗಂಗೂ ಅಜ್ಜಿ ಈಗ ಇಲ್ಲ. ಅವಳ ಮಾತು ಇನ್ನೊಮ್ಮೆ ಕೇಳಬೇಕೆಂದರೆ ಆ ಫೈಲ್ ಒಂದೇ ಗತಿ.

ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕೋಣವೆಂದು ನಮ್ಮ ಮೀನುಗಾರರ ಸಂಘದ ಕೋಣೆಗೆ ಬಂದೆ. ಅಕ್ಟೋಬರ್ ಕೊನೆಯ ಸಭೆಯ ನಂತರ ಕಂಪ್ಯೂಟರ್ ಮುಟ್ಟಿರಲಿಲ್ಲ. ಎರಡು ವಾರ ಗೇಟಿನೆದುರೇ ಕೂತಿದ್ದೆವು. ಆನ್ ಆಯಿತು. ಫೋಲ್ಡರಿನ ಚಿತ್ರ ಒತ್ತಿದೆ. ಚಕ್ರ ತಿರುಗಿತು... ತಿರುಗಿತು... ನಿಂತಿತು. ಏನೂ ಬರಲಿಲ್ಲ. ಹದಿನಾಲ್ಕು ಸಲ ಒತ್ತಿದೆ.

ಫೈಲ್ ಮ್ಯಾನೇಜರ್ ತೆರೆಯುತ್ತಿಲ್ಲ. ಇಂಟರ್‌ನೆಟ್ ತೆರೆಯುತ್ತದೆ, ಬರೆಯುವ ತಂತ್ರಾಂಶ ತೆರೆಯುತ್ತದೆ, ಇಸ್ಪೀಟಿನ ಆಟ ಕೂಡ ತೆರೆಯುತ್ತದೆ! ಬೇಕಾದದ್ದೊಂದು ಬಿಟ್ಟು.

೧೧ ನವೆಂಬರ್. ಮಧ್ಯಾಹ್ನ

ಜುಲೈನಲ್ಲಿ ಈ ಹಳೆಯ ಪೆಟ್ಟಿಗೆಯ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದವಳು ನಾನೇ. ನಲವತ್ತು ಪುಟದ ಪುಸ್ತಿಕೆ ಮೂರು ಸಲ ಓದಿ, ಗೆರೆ ಎಳೆದು. ಬಡವರ ಯಂತ್ರ ಬಡವರ ಕೈಯಲ್ಲೇ ಇರಬೇಕು, ಯಾವ ಕಂಪನಿಯೂ ಅದರ ಬಾಗಿಲಲ್ಲಿ ಕೂರಬಾರದು ಎಂದು. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಬಾಗಿಲು ತೆರೆಯಬೇಡವೇ?

ಇವತ್ತು ಮಾಡಿದ್ದು: ರೀಸ್ಟಾರ್ಟ್. ಪ್ರಯೋಜನವಿಲ್ಲ. ಫೈಲ್ ಮ್ಯಾನೇಜರ್ ತೆಗೆದು ಹೊಸದಾಗಿ ಹಾಕಿದೆ. ಇಲ್ಲ. ಬೇರೆ ಜಾತಿಯ ಫೈಲ್ ಮ್ಯಾನೇಜರ್ ತಂದು ಹಾಕಿದೆ. ಅದೂ ಚಕ್ರ ತಿರುಗಿಸಿ ಸುಮ್ಮನಾಯಿತು. ವಿಡಿಯೋ ಪ್ಲೇಯರಿನೊಳಗಿಂದ ತೆರೆಯಲು ಹೋದೆ — ಪ್ಲೇಯರೂ ನಿಂತಿತು. ಟರ್ಮಿನಲ್‌ನಲ್ಲಿ ಒಳಗೆ ಏನೇನಿದೆ ತೋರಿಸು ಎಂದು ಬರೆದೆ. ಕರ್ಸರ್ ಮಿಣುಕುತ್ತ ಅಲ್ಲೇ ಕೂತಿತು, ಕಚೇರಿಯಲ್ಲಿ ಅರ್ಜಿ ಹಿಡಿದು ಕೂತವರ ಹಾಗೆ. ಹಾರ್ಡ್ ಡಿಸ್ಕ್ ಪರೀಕ್ಷೆ ಮಾಡಿದೆ. ಆರೋಗ್ಯವಾಗಿದೆಯಂತೆ.

ಕೊನೆಗೆ ಪುಸ್ತಿಕೆಯ ಮೂವತ್ತೇಳನೇ ಪುಟ: ಹೊಸ ಬಳಕೆದಾರನ ಹೆಸರಿನಲ್ಲಿ ಒಳಗೆ ಹೋಗಿ ನೋಡಿ. ಹೋದೆ. ಒಂದೇ ಕ್ಷಣಕ್ಕೆ ತೆರೆಯಿತು! ಬಳಕೆದಾರರ ಫೋಲ್ಡರಿಗೆ ಲಿನಕ್ಸ್ 'ಹೋಮ್' ಎನ್ನುತ್ತದೆ, ಮನೆ. ಖಾಲಿ ಮನೆ, ಹೊಳೆಯುವ ಫೋಲ್ಡರುಗಳು. ಅಲ್ಲಿಂದ ಹಳೆಯ ಮನೆಯೊಳಗೆ ಇಣುಕಿದೆ. ಮತ್ತೆ ಚಕ್ರ.

ಅಂದರೆ ಯಂತ್ರ ಸರಿಯಿದೆ. ಲಿನಕ್ಸ್ ಸರಿಯಿದೆ. ಕೆಟ್ಟಿರುವುದು ನಾನು ಜೋಡಿಸಿಟ್ಟ ಮನೆ. ಇದನ್ನು ಯಾರಿಗೂ ಹೇಳುವುದಿಲ್ಲ.

೧೩ ನವೆಂಬರ್, ಗುರುವಾರ

ಅಂಕೋಲೆಗೆ ಹೋದೆ. ಹರೀಶನ ಕಂಪ್ಯೂಟರ್ ರಿಪೇರಿ ಅಂಗಡಿ. ಪೆಟ್ಟಿಗೆಯನ್ನು ಮೀನಿನ ಟೆಂಪೋದಲ್ಲಿ ಮಂಜುಗಡ್ಡೆಯಿಂದ ದೂರ ಹಿಡಿದುಕೊಂಡು, ಮೊಣಕಾಲ ಮೇಲೆ.

"ಲಿನಕ್ಸಾ? ನಿಂಗೆ ಇದು ಬೇಕಿತ್ತನೆ ಚಂದನಾ?" ಎಂದ. ಸ್ಕ್ರೂ ಡ್ರೈವರ್ ಕಿವಿಯ ಮೇಲೆ. "ಫಾರ್ಮ್ಯಾಟ್ ಹೊಡೀತೆ. ಅರ್ಧ ತಾಸು. ವಿಂಡೋಸ್ ಹಾಕಿ ಕೊಡ್ತೆ."

"ಒಳಗೆ ವಿಡಿಯೋ ಇವೆ."

"ಹೋಗ್ತವೆ."

"ಹೋಗ್ತವೆ ಅಂದ್ರೆ? ತೀರಿಕೊಂಡವರ ಮಾತು ಅದರಲ್ಲಿದೆ!"

"ತೀರ್ಕಂಡವ್ರು ಬಂದು ಕೇಳ್ತ್ರಾ ಮಾರಾಯ್ತಿ?"

ಪೆಟ್ಟಿಗೆ ಎತ್ತಿಕೊಂಡು ಬಂದೆ. ಹಿಂದಿನಿಂದ ಕೂಗುತ್ತಿದ್ದ: "ಏ, ಸಿಟ್ಟ್ ಮಾಡ್ಕಬೇಡೇ! ಚಾ ಕುಡ್ದು ಹೋಗೇ!" ಅಳಿಸುವುದೇ ರಿಪೇರಿ ಎಂದು ಇವರಿಗೆ ಯಾರು ಕಲಿಸಿದರು? ಗೇಟು ಹಾಕಿದವರೂ ಇದನ್ನೇ ಮಾಡಿದ್ದು. ಮೊದಲು ಅಳಿಸು, ಆಮೇಲೆ ಹೊಸದು ಹಾಕು.

೧೫ ನವೆಂಬರ್, ಶನಿವಾರ. ಸಂಜೆ

ಸಂಘದ ಸಭೆ. ಒಂಬತ್ತು ದಿನ ಉಳಿದಿದೆ ಎಂದು ನಾನೇ ಎದ್ದು ಹೇಳಿದೆ. ಫೈಲ್ ತೆರೆಯುತ್ತಿಲ್ಲ ಎಂದೂ.

ಗದ್ದಲ. ಮಾದೇವಿ ಅತ್ತೆ ಎಲೆ ಅಡಿಕೆ ಉಗುಳಿ ಬಂದು ಕೂತಳು. "ಬಾಗ್ಲು ತೆಗೂಕಾಗೂದಿಲ್ಲ ಅಂದ್ರೆ ಬೀಗದಕಾಯ್ ಯಾರ ಕೈಲದೆ ಅಂತ ನೋಡು. ಆ ಹಣಕೋಣದ ಹುಡುಗಿ ಕರಿಯೇ. ದೀಪಾಲಿ. ಅದ್ಕೆ ಗೊತ್ತಿರ್ತದೆ."

"ಅವಳನ್ನು ಕರೆಯುವುದಿಲ್ಲ."

"ಯಾಕೆ? ನಿನ್ನ ಚೀಟಿ ಎಲ್ಲ ಟೈಪ್ ಮಾಡಿ ಕೊಟ್ಟದ್ದು ಅದೇ ಅಲ್ವೇ? ಹಣಕೋಣದಿಂದ ಕಾಳಿ ಹೊಳೆ ದಾಟಿ, ಎರಡು ಬಸ್ ಬದಲ್ಸಿ ಬರ್ತಿತ್ತು, ನಮ್ಮ ಗೇಟಿಗಾಗಿ. ಅದ್ರ ಮನೆ ಎದ್ರು ಸಮುದ್ರ ಅದ್ಯಾ?"

ಚೀಟಿ! ಕರಪತ್ರಕ್ಕೆ ಅತ್ತೆ ಹೇಳುವುದು ಚೀಟಿ ಎಂದು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಏಕೆಂದರೆ ಎಲ್ಲರಿಗೂ ಗೊತ್ತು. ಅಕ್ಟೋಬರ್ ೨೬ರ ಸಭೆಯಲ್ಲಿ, ಇದೇ ಚಾಪೆಯ ಮೇಲೆ ನಿಂತು ನಾನು ಓದಿ ಹೇಳಿದ್ದೆ: ದೀಪಾಲಿಯ ತಮ್ಮ ಸೂರಜ್ ರೆಸಾರ್ಟಿನಲ್ಲಿ ಕೆಲಸಕ್ಕಿದ್ದಾನೆ, ಅವಳು ರೆಸಾರ್ಟಿನ ಕಣ್ಣು, ಹೋರಾಟದೊಳಗೆ ಇಂಥವರಿಗೆ ಜಾಗವಿಲ್ಲ. ಲಿಖಿತವಾಗಿ, ಮೂರು ಅಂಶಗಳಲ್ಲಿ. ಅವಳು ಕೈಯಲ್ಲಿದ್ದ ಚಹಾ ಪೂರ್ತಿ ಕುಡಿದಳು. ಲೋಟ ತೊಳೆದಿಟ್ಟಳು. ಹೋದಳು.

ತತ್ವಕ್ಕೆ ಸ್ನೇಹವಿಲ್ಲ. ಹಾಗೆ ಬರೆದಿತ್ತು ಎಲ್ಲೋ. ನಾನೇ ಬರೆದದ್ದೋ?

೧೬ ನವೆಂಬರ್

ಚಕ್ರ.

೧೮ ನವೆಂಬರ್, ಮಂಗಳವಾರ. ಬೆಳಿಗ್ಗೆ ೧೦

ಜಟ್ಟು ಅಜ್ಜ ಕೋಣೆಗೆ ಬಂದು ಕೂತ. ಐವತ್ತು ವರ್ಷ ದಡದಿಂದ ರಂಪಣಿ ಬಲೆ ಎಳೆದವನು. ಬೀಡಿಗೆ ಬೆಂಕಿ ಕೇಳಲು ಬಂದವನು ಪರದೆ ನೋಡುತ್ತ ಉಳಿದ.

"ಇದು ಎಂತಾ ಮಾಡ್ತದೆ ತಂಗೀ, ಗರಗರ ಅಂತ?"

"ಕಾಯ್ತಾ ಇದೆ ಅಜ್ಜ."

"ಯಾರನ್ನ?"

ಸಿಟ್ಟು ಬಂತು. ಗೊತ್ತಿದ್ದರೆ ಎಂಟು ದಿನ ಇಲ್ಲಿ ಕೂರುತ್ತಿದ್ದೆನೇ?

ಅಜ್ಜ ಬೀಡಿ ಹಚ್ಚಲೇ ಇಲ್ಲ. "ರಂಪಣಿ ಬಿಡುವಾಗ ಒಂದ್ ಹಗ್ಗ ದಡದಲ್ಲಿ ಬಿಟ್ಟು ದೋಣಿ ಹೋಗ್ತದೆ. ಬಲೆ ಬಿಡ್ತಾ ಸುತ್ತಿ, ಇನ್ನೊಂದ್ ತುದಿ ಹಗ್ಗ ಆ ಬದಿಗೆ ತರ್ತದೆ. ಅದು ಬರೂವರಿಗೂ ಈ ಬದಿಯವ್ರು ಎಳೆಯೂದಿಲ್ಲ. ನೂರ್ ಜನ ಇದ್ರೂ ಸುಮ್ನೆ ನಿಂತಿರ್ತ್ರು. ಹಿಂಗೇ. ದೋಣಿ ಎಲ್ ಹೋತು ಅಂತ ನೋಡಬೇಕು, ಈ ಹಗ್ಗಾನೇ ಬಡಿದ್ರೆ ಎಂತಾ ಬಂತು?"

ನಾನು ಕುರ್ಚಿಯಿಂದ ಎದ್ದೆ. ಮತ್ತೆ ಕೂತೆ.

ಸೆಪ್ಟೆಂಬರ್! ನಾನೇ ಹಟ ಹಿಡಿದದ್ದು. ಮೂವತ್ತೊಂದು ವಿಡಿಯೋ ಒಬ್ಬರ ಕೈಯಲ್ಲಿ ಇರಬಾರದು, ಇದ್ದರೆ ಅದೇ ಒಡೆತನ ಎಂದು. ದಡದಲ್ಲಿ ಮೀನು ಪಾಲು ಮಾಡುವ ಹಾಗೆ ಪಾಲು ಮಾಡಿದ್ದೆ: ಹದಿನಾಲ್ಕು ಇಲ್ಲಿ, ಹದಿನೇಳು ಹಣಕೋಣದಲ್ಲಿ, ದೀಪಾಲಿಯ ಲ್ಯಾಪ್‌ಟಾಪಿನಲ್ಲಿ. ಅವಳ ಪಾಲಿನ ಫೋಲ್ಡರ್ ನೆಟ್ ಮೂಲಕ ಇಲ್ಲಿಯೂ ಕಾಣುವಂತೆ ನಮ್ಮ ಮನೆಯೊಳಗೇ ಕೊಂಡಿ ಹಾಕಿದ್ದೆ. ಹೆಸರು: ಹಣಕೋಣ. ಮೂವತ್ತೊಂದೂ ಇಲ್ಲೇ ಕಾಣುತ್ತಿದ್ದವು, ಪಾಲು ಮಾಡಿದ್ದನ್ನೇ ಮರೆತಿದ್ದೆ. ಅವಳು ಹೇಳಿದ್ದಳು, "ಎರಡೂ ಕಡೆ ಪೂರಾ ಕಾಪಿ ಇಡೋಣ್ವೇ, ಬೇಕಾದ್ರೆ ಡಿಸ್ಕ್ ನಾ ತರ್ತೆ." ನಾನು ಅದಕ್ಕೆ ಭಾಷಣ ಮಾಡಿದ್ದೆ.

ಅವಳ ಲ್ಯಾಪ್‌ಟಾಪ್ ಆಫ್ ಆಗಿದೆ. ಎಂದಿನಿಂದ ಎಂದು ಕೇಳಬೇಕಾಗಿಲ್ಲ. ಫೈಲ್ ಮ್ಯಾನೇಜರ್ ಪ್ರತಿ ಸಲ ಮನೆಯೊಳಗೆ ಕಾಲಿಡುವಾಗ ಮೊದಲು ಆ ಕೊಂಡಿ ಹಿಡಿದು ಅವಳನ್ನು ಕೂಗುತ್ತದೆ. ಅವಳು ಓ ಎನ್ನುವುದಿಲ್ಲ. ಇದು ಕಾಯುತ್ತದೆ. ಯಂತ್ರಕ್ಕೆ ಯಾರೂ ಹೇಳಿಲ್ಲ, ಅವಳನ್ನು ನಾವು ಹೊರಗೆ ಹಾಕಿದ್ದೇವೆ ಎಂದು.

ಅದೇ ದಿನ, ೧೧.೩೦

ಕೊಂಡಿ ಕಡಿದೆ. ಎರಡು ಸಾಲು ಅಳಿಸುವ ಕೆಲಸ. ಫೋಲ್ಡರಿನ ಚಿತ್ರ ಒತ್ತಿದೆ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೆರೆಯಿತು.

ಹದಿನಾಲ್ಕು ವಿಡಿಯೋ. ಎಣಿಸಿದೆ. ಗಂಗೂ ಅಜ್ಜಿ ಇಲ್ಲ. ಅವಳು ಆ ಪಾಲಿನಲ್ಲಿ. ಏಳು ತಿಂಗಳ ಬಸುರಿಯಿದ್ದಾಗ ಇದೇ ದಾರಿಯಲ್ಲಿ ದೋಣಿ ದೂಡಿದೆ, ಆಗ ಗೇಟು ಹಾಕಿದ್ದರೆ ಗೇಟನ್ನೂ ದೂಡುತ್ತಿದ್ದೆ ಎಂದು ನಕ್ಕದ್ದು. ನಕ್ಕು ಅತ್ತದ್ದು. ಅದು ಇಲ್ಲದೆ ಕಾರವಾರಕ್ಕೆ ಹೋಗಿ ಏನು ತೋರಿಸಲಿ?

ಮೀನು ಪಾಲು ಮಾಡಿದರೆ ಮನೆಮನೆಗೂ ಸಾರು. ಸಾಕ್ಷಿ ಪಾಲು ಮಾಡಿದರೆ ಇಬ್ಬರ ಕೈಯಲ್ಲೂ ಅರ್ಧ ದಾರಿ. ಇದನ್ನು ಯಾವ ಪುಸ್ತಿಕೆಯೂ ಹೇಳಲಿಲ್ಲ. ಅವಳು ಹೇಳಿದ್ದಳು.

ಯಾರ ಮೇಲೆ ಸಿಟ್ಟು ಮಾಡಲಿ? ಸಿಟ್ಟಂತೂ ಇದೆ.

೨೦ ನವೆಂಬರ್, ಗುರುವಾರ. ಮಧ್ಯಾಹ್ನ ೨.೧೫, ಕಾರವಾರ ಬಸ್ ಸ್ಟ್ಯಾಂಡ್

ದೀಪಾಲಿ ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಹೋದೆ. ಯಾರದೋ ಮದುವೆ ಕಾಗದ ಟೈಪ್ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಕಿತೆಂ ಗೋ? ಎಂತದೇ, ದಾರಿ ತಪ್ತಾ?"

"ವಿಡಿಯೋ ಬೇಕು. ನಿನ್ನ ಲ್ಯಾಪ್‌ಟಾಪಲ್ಲಿ ಇರುವುದು. ಅವು ಸಂಘದ್ದು."

"ಹೌದೌದು. ಒಳಗಿಂದು ಸಂಘದ್ದು, ಹೊರಗಿನ ಡಬ್ಬಿ ರೆಸಾರ್ಟಿನ ಕಣ್ಣಿಂದು."

"ಅಳಿಸಿದೀಯಾ?"

ಈಗ ತಲೆ ಎತ್ತಿದಳು. "ಗಂಗೂ ಅಜ್ಜಿ ಅತ್ತದ್ದು ನಾ ಅಳಿಸ್ತೆ ಅಂತ ಅಂದ್ಕಂಡ್ಯಾ? ಅಂದಿನಿಂದ ಚೀಲದಿಂದ ಹೊರಗೇ ತೆಗೀಲಿಲ್ಲ ನಾನು. ನೋಡೂಕೇ ಮನಸಾಗ್ಲಿಲ್ಲ."

ಅಂಗಡಿಯ ಫ್ಯಾನು ಮದುವೆ ಕಾಗದಗಳನ್ನು ಹಾರಿಸಿತು. ಇಬ್ಬರೂ ಬಗ್ಗಿ ಹೆಕ್ಕಿದೆವು. ನೆಲದ ಮೇಲೆ ಕೂತೇ ಅವಳು ಹೇಳಿದಳು: "ಸೂರಜ್ ಅಲ್ಲಿ ಗೇಟ್ ಕಾಯೂದಿಲ್ಲ. ಅಡಿಗೆಮನೆಲಿ ಪಾತ್ರೆ ತೊಳೀತ. ಆ ಲ್ಯಾಪ್‌ಟಾಪ್ ಅವನ ಪಗಾರದ್ದೇ. ನೀ ಒಂದಿನ ಕೇಳಿದ್ಯಾ?"

ಕೇಳಿರಲಿಲ್ಲ. ಮೂರು ಅಂಶ ಬರೆಯುವಾಗ ಒಂದನ್ನೂ ಕೇಳಿರಲಿಲ್ಲ.

"ತಪ್ಪಾಯಿತು," ಎಂದೆ.

"ಇಲ್ಲಿ ಬೇಡ. ಇಲ್ಲಿ ಹೇಳಿರೆ ಈ ಪ್ರಿಂಟರ್‌ಗೆ ಮಾತ್ರ ಕೇಳ್ತದೆ. ಮೂವತ್ತು ಜನರೆದ್ರು ಓದಿದ್ದು ಮೂವತ್ತು ಜನರೆದ್ರು ವಾಪಸ್ ತಗೋ. ಲ್ಯಾಪ್‌ಟಾಪ್ ತರ್ತೆ. ಸೂರಜನ್ನೂ ತರ್ತೆ. ಭಾನುವಾರ ಅಂವಗೆ ರಜೆ."

ವಿಚಾರಣೆಗೆ ಒಂದು ದಿನ ಮೊದಲು! ಅಷ್ಟರವರೆಗೆ ಕಾಯಿಸುವುದು ನ್ಯಾಯವೇ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ. ಅವಳು ಮೂರು ವಾರ ಕಾದಿದ್ದಾಳೆ.

೨೨ ನವೆಂಬರ್, ಶನಿವಾರ. ಸಂಜೆ ೫

ನಾಳೆ ರಂಪಣಿ ಬಿಡುತ್ತಾರೆ. ಗೇಟಿನ ಈಚೆಗಿನ ದಂಡೆಯಲ್ಲಿ. ಸಂಘದ ಹೆಂಗಸರೆಲ್ಲ ಇರುತ್ತಾರೆ. ಮಾದೇವಿ ಅತ್ತೆಗೆ ಹೇಳಿದೆ. "ಚೀಟಿ ತಂದು ಓದ್ಬೇಡ ಮತ್ತೆ," ಎಂದಳು. "ಬಾಯಲ್ಲೇ ಹೇಳು. ಚಿಕ್ಕದಾಗಿ."

ಐದು ಸಲ ಬರೆದೆ. ಐದಕ್ಕೂ ಮೊದಲ ಸಾಲು ಒಂದೇ — 'ಇಂದಿನ ಪರಿಸ್ಥಿತಿಯಲ್ಲಿ'. ಹರಿದೆ. ಪರಿಸ್ಥಿತಿ ಹೇಳಲಿಲ್ಲ ಅವಳನ್ನು ಕಣ್ಣು ಎಂದು. ನಾನು ಹೇಳಿದ್ದು.

ಗೇಟಿನ ಮೇಲಿನ ಸಿಟ್ಟು ಸ್ವಲ್ಪವೂ ಇಳಿದಿಲ್ಲ. ಅದು ಸೋಮವಾರಕ್ಕೆ ಪೂರ್ತಿ ಬೇಕು.

ಕೊಂಡಿಯ ಎರಡು ಸಾಲು ಮತ್ತೆ ಬರೆದಿದ್ದೇನೆ. ಈ ಸಲ ಅವಳು ಬಾರದಿದ್ದರೂ ಬಾಗಿಲು ತೆರೆಯುವ ಹಾಗೆ. ಜೊತೆಗೆ ಖಾಲಿ ಡಿಸ್ಕ್ ಒಂದು ತಂದಿಟ್ಟೆ, ಪೂರಾ ಕಾಪಿಗೆ.

ದೀಪಾಲಿಗೆ ಮೆಸೇಜು ಹಾಕಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬಂತು: "ಬರ್ತೆ."

ನಾಳೆ, ಭಾನುವಾರ, ೨೩. ಬೆಳಿಗ್ಗೆ ಏಳು ಗಂಟೆ. ಗೇಟಿನ ಈಚೆ. ಹಗ್ಗ ಹಿಡಿಯುವ ಮೊದಲೇ ಹೇಳುತ್ತೇನೆ, ಎಲ್ಲರೆದುರು, ಬಾಯಲ್ಲೇ.